ಎಡಕ್ಕೆ ವಾಲಿದ ಚೌಕಗಳು

ನಮ್ಮ ಅತ್ತಿಗೆ ದೆವ್ವ ಭೂತ ನಂಬುವವರಲ್ಲ. ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಹೆಂಗಸು. ಅಡುಗೆಗೆ ಉಪ್ಪು ಹಾಕುವಾಗಲೂ ಚಮಚದ ಅಂಚನ್ನು ಬೆರಳಲ್ಲಿ ಸವರಿ ಮಟ್ಟ ಮಾಡುವಂಥವರು. ಅಂಥವರು ಒಂದು ಮಧ್ಯಾಹ್ನ ನನ್ನ ಹೊಲಿಗೆ ಅಂಗಡಿಗೆ ಬಂದು, ಚಪ್ಪಲಿಯನ್ನೂ ಬಿಡದೆ ಸ್ಟೂಲಿನ ಮೇಲೆ ಕುಸಿದು ಕೂತು, "ನಿಮ್ಮಣ್ಣ ಲ್ಯಾಬಿಗೆ ಬರ್ತಿದಾರೆ ಕಣೆ" ಅಂದರೆ ನನಗೆ ಹೇಗಾಗಬೇಡ? ಅಣ್ಣ ತೀರಿಕೊಂಡು ಎರಡು ವರ್ಷದ ಮೇಲಾಗಿತ್ತು. ಅಳತೆ ಕೊಡಲು ಬಂದಿದ್ದ ಗಿರಾಕಿಯೊಬ್ಬಳು ಕಿವಿ ನಿಮಿರಿಸಿಕೊಂಡು ನಿಂತಿದ್ದಳು. ಅವಳನ್ನು ನಾಳೆ ಬಾ ಎಂದು ಸಾಗಹಾಕಿ ಬಾಗಿಲು ಎಳೆದುಕೊಂಡೆ.

"ಬರ್ತಿದಾರೆ ಅಂದ್ರೆ ಏನರ್ಥ ಅತ್ತಿಗೆ?"

"ಬರ್ತಿದಾರೆ ಅಂದ್ರೆ ಬರ್ತಿದಾರೆ. ಬಂದು ತಮ್ಮ ಗುರುತನ್ನ ತಾವೇ ಅಳಿಸ್ಕೊಳ್ತಿದಾರೆ."

ಅವರು ಹೇಳಿದ್ದರ ತಲೆಬುಡ ತಿಳಿಯಬೇಕಾದರೆ ಅಣ್ಣ ಅತ್ತಿಗೆ ಇಬ್ಬರೂ ಸೇರಿ ಕಟ್ಟಿದ ಕೋರ್ಸಿನ ಕಥೆ ಮೊದಲು ಹೇಳಬೇಕು.

ಅಣ್ಣ ಅದೇ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟ್ರು. ಮದುವೆಯಾದ ಹೊಸತರಲ್ಲಿ ಒಂದು ಸಂಜೆ ಅತ್ತಿಗೆ ಸಣ್ಣ ಸೀಸೆಯೊಂದನ್ನು ತಂದು ಊಟದ ಮೇಜಿನ ಮೇಲಿಟ್ಟರು. ಒಳಗೆ ದಾಳಿಂಬೆ ರಸದಂಥ ಕೆಂಪು ನೀರು. ಇದರಲ್ಲಿರುವುದು ಚಿನ್ನ ಎಂದರು. ಚಿನ್ನವನ್ನು ತೀರಾ ತೀರಾ ಸಣ್ಣ ಕಣ ಮಾಡಿದರೆ ಹಳದಿ ಹೋಗಿ ಕೆಂಪಾಗುತ್ತದಂತೆ. ಒಂದು ಕೂದಲಿನ ದಪ್ಪವನ್ನು ಸಾವಿರಾರು ಪಾಲು ಮಾಡಿ, ಅದರಲ್ಲೊಂದು ಪಾಲು ತೆಗೆದರೆ ಎಷ್ಟೋ ಅಷ್ಟು ಸಣ್ಣದು. "ಹಾಗಾದ್ರೆ ಇದ್ರಲ್ಲೇ ನನಗೊಂದು ಜೊತೆ ಬಳೆ ಮಾಡ್ಸಿಬಿಡಿ ಅತ್ತಿಗೆ" ಅಂದೆ. ನನ್ನ ಜೋಕಿಗೆ ನಗುವವರು ಯಾರಿದ್ದರು? ಗಂಡ ಹೆಂಡತಿ ಆಗಲೇ ಜಗಳಕ್ಕೆ ಬಿದ್ದಿದ್ದರು. ಮಾಡಿದವಳು ನಾನು, ಆದ್ದರಿಂದ ಇದು ರಸಾಯನಶಾಸ್ತ್ರ ಎಂದು ಅವರು. ಕೆಂಪಾಗಿ ಕಾಣಿಸುವುದು ಬೆಳಕಿನ ಕೆಲಸ, ಆದ್ದರಿಂದ ಇದು ನಮ್ಮದು ಎಂದು ಇವನು. ಊಟ ತಣ್ಣಗಾಯಿತು. ನನಗೆ ರೇಗಿಹೋಯಿತು. "ಇಬ್ರೂ ಒಂದೇ ಕ್ಲಾಸಲ್ಲಿ ನಿಂತು ಹೇಳ್ಕೊಡಿ, ಮಕ್ಕಳೇ ತೀರ್ಮಾನ ಮಾಡ್ಲಿ" ಎಂದು ತಟ್ಟೆ ಕುಕ್ಕಿದೆ. ಈ ಸಣ್ಣ ಕಣಗಳ ಕೋರ್ಸು ಹುಟ್ಟಿದ್ದು ನನ್ನ ಬೈಗುಳದಿಂದ ಎಂದು ನಾನು ಇವತ್ತಿಗೂ ಕೊಚ್ಚಿಕೊಳ್ಳುತ್ತೇನೆ. ಯಾರೂ ಒಪ್ಪುವುದಿಲ್ಲ, ಅದು ಬೇರೆ ಮಾತು.

ಅದು ಕಟ್ಟಿ ನಿಲ್ಲಲು ಬಹಳ ವರ್ಷ ಹಿಡಿಯಿತು. ಒಂದು ವಿಭಾಗದವರು ಇನ್ನೊಂದು ವಿಭಾಗದವರ ಜೊತೆ ಟೀ ಕುಡಿಯಲೂ ಕೂರದ ಕಾಲೇಜು ಅದು. ಅಂಥಲ್ಲಿ ಪದವಿ ತರಗತಿಯ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ, ಇಂಜಿನಿಯರಿಂಗ್ ಮಕ್ಕಳನ್ನು ಒಂದೇ ಲ್ಯಾಬಿಗೆ ತಂದು ಕೂರಿಸಿದರು. ಮೊದಮೊದಲು ಅವಕ್ಕೆ ಒಬ್ಬರ ಮಾತು ಒಬ್ಬರಿಗೆ ಅರ್ಥವಾಗುತ್ತಿರಲಿಲ್ಲವಂತೆ. ಒಂದೇ ಕಣವನ್ನು ತೋರಿಸಿದರೆ ಒಬ್ಬ ಇದು ಯಾಕೆ ಹೀಗಿದೆ ಅನ್ನುವನು, ಒಬ್ಬ ಇದನ್ನು ಏನು ಹಾಕಿ ಮಾಡಿದ್ರಿ ಅನ್ನುವನು, ಜೀವಶಾಸ್ತ್ರದವಳು ಇದು ಜೀವಕೋಶದೊಳಗೆ ಹೋದ್ರೆ ಏನಾಗುತ್ತೆ ಅನ್ನುವಳು, ಇಂಜಿನಿಯರಿಂಗ್ ಹುಡುಗ ಮಾತ್ರ ಇದರಿಂದ ಏನು ಉಪಯೋಗ ಎಂದು ಆಕಳಿಸುವನು. ಅದಕ್ಕೇ ಅಣ್ಣ ಅತ್ತಿಗೆ ಒಂದು ಕ್ರಮ ಮಾಡಿದರು. ಬೇರೆ ಬೇರೆ ವಿಭಾಗದ ಇಬ್ಬರು ಒಂದು ಜೋಡಿ. ಪರೀಕ್ಷೆಯಲ್ಲಿ ಇವನ ಕೆಲಸವನ್ನು ಅವಳು ವಿವರಿಸಬೇಕು, ಅವಳದನ್ನು ಇವನು. ಜೋಡಿಗೆ ಬರದಿದ್ದರೆ ನಿನಗೂ ಬಂದಿಲ್ಲ ಎಂದೇ ಲೆಕ್ಕ.

ಮಕ್ಕಳು ಅಣ್ಣನಿಗೆ ಧೂಳು ಮೇಷ್ಟ್ರು ಎಂದು ಹೆಸರಿಟ್ಟಿದ್ದವು. ಲ್ಯಾಬಿನೊಳಗಿನ ಅವರ ಕ್ಲೀನ್ ರೂಮಿನಲ್ಲಿ ಧೂಳೇ ದೊಡ್ಡ ಶತ್ರು. ತಲೆಯಿಂದ ಕಾಲಿನವರೆಗೆ ಬಿಳಿ ಸೂಟು ಹಾಕಿ, ಬಾಯಿ ಮೂಗು ಮುಚ್ಚಿ, ಬರೀ ಕಣ್ಣು ಬಿಟ್ಟುಕೊಂಡು ಒಳಗೆ ಹೋಗಬೇಕು. ನಾನು ಒಮ್ಮೆ, ಆ ಸೂಟು ನಾನೇ ಹೊಲಿದುಕೊಡ್ತೀನಿ ಅಂದಾಗ ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ನನ್ನ ಹತ್ತಿದಾರದಿಂದ ಉದುರುವ ಎಳೆಗಳೇ ಸಾಕಂತೆ ಅವನ ಒಂದು ವರ್ಷದ ಕೆಲಸ ಹಾಳಾಗಲು. ಹೊಟ್ಟೆ ಉರಿದುಹೋಯಿತು ನನಗೆ. ಅವನ ಅಂಗಿಗಳನ್ನು ಹೊಲಿಯುತ್ತಿದ್ದವಳು ಯಾರು ಮತ್ತೆ? ಚಿಕ್ಕಂದಿನಿಂದ ಅವನಿಗೆ ಕತ್ತು ಹಿಡಿದುಕೊಳ್ಳುವ ಕಾಯಿಲೆ. ತಲೆ ಯಾವಾಗಲೂ ಎಡಕ್ಕೆ ವಾಲಿರುತ್ತಿತ್ತು. ಕಾಲರನ್ನು ಎಡಗಡೆ ಅರ್ಧ ಬೆರಳು ತಗ್ಗಿಸಿ ಹೊಲಿಯದಿದ್ದರೆ ಅವನಿಗೆ ಸೇರುತ್ತಿರಲಿಲ್ಲ.

ವರ್ಷದ ಮೊದಲ ದಿನ ಅವನದೊಂದು ಆಟವಿತ್ತು. ಕನ್ನಡಿಯ ಹಾಗೆ ಹೊಳೆಯುವ ಸಿಲಿಕಾನ್ ಚೂರೊಂದನ್ನು ಮಕ್ಕಳಿಗೆ ತೋರಿಸಿ, ಬರಿಗೈಯ ಹೆಬ್ಬೆರಳನ್ನು ಅದರ ಮೇಲೆ ಒತ್ತುತ್ತಿದ್ದ. ಆಮೇಲೆ ಅದನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದೊಳಗೆ ಇಟ್ಟರೆ ಪರದೆಯ ತುಂಬ ಬೆಟ್ಟಸಾಲು. ಬೆರಳಿನ ಗೆರೆ, ಬೆವರಿನ ಉಪ್ಪಿನ ಹರಳು, ಜಿಡ್ಡಿನ ಹೊಂಡ. "ನೋಡ್ರಪ್ಪಾ, ನಾನು ಬರೀ ಮುಟ್ಟಿದ್ದು. ಅಷ್ಟಕ್ಕೇ ಇಷ್ಟು ರಾದ್ಧಾಂತ" ಅನ್ನುತ್ತಿದ್ದ. ವರ್ಷವಿಡೀ ಆ ಚೂರು ಅಲ್ಲೇ ಗಾಜಿನ ಪೆಟ್ಟಿಗೆಯಲ್ಲಿ ಇರುತ್ತಿತ್ತು. ವರ್ಷದ ಕೊನೆಯ ದಿನ ಎಲ್ಲರ ಮುಂದೆ ಅದನ್ನು ತೊಳೆದು ಮೊದಲಿನ ಹಾಗೆ ಮಾಡುವುದೂ ಅವನ ಪಾಠವೇ. ಎರಡು ವರ್ಷದ ಹಿಂದೆ, ತೊಳೆಯುವ ದಿನಕ್ಕೆ ಮುಂಚೆಯೇ ಅವನು ಹೋಗಿಬಿಟ್ಟ. ಕಾಲೇಜಿನ ಮೆಟ್ಟಿಲ ಮೇಲೆ ಕೂತನಂತೆ, ಏಳಲಿಲ್ಲ. ಎದೆಯ ತೊಂದರೆ ಇದೆ ಎಂದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಬಟ್ಟೆ ಒಗೆದರೆ ವಾಸನೆ ಹೋಗುತ್ತದೆ. ಫೋಟೋ ಬರೀ ಫೋಟೋ. ಅವನ ಮೈಯಿಂದ ಇಳಿದದ್ದು ಎಂದು ಈ ಭೂಮಿಯ ಮೇಲೆ ಉಳಿದದ್ದು ಆ ಚೂರಿನ ಮೇಲಿನ ಬೆವರು ಮಾತ್ರ. ಅತ್ತಿಗೆ ಅದನ್ನು ತೊಳೆಯಲು ಬಿಡಲಿಲ್ಲ. ಸೂಕ್ಷ್ಮದರ್ಶಕದ ಪಾಠಕ್ಕೆ ಹೋಗುವುದನ್ನೂ ಬಿಟ್ಟರು. ಅಣ್ಣನ ಹತ್ತಿರ ಕಲಿತ ಹಿರಿಯ ಮಕ್ಕಳೇ ಕಿರಿಯರಿಗೆ ಅದನ್ನು ಹೇಳಿಕೊಡುವ ಪರಿಪಾಠ ಬಿತ್ತು. ಆದರೆ ವಾರಕ್ಕೊಮ್ಮೆ, ಲ್ಯಾಬು ಖಾಲಿಯಾದ ಮೇಲೆ, ಅತ್ತಿಗೆ ಒಬ್ಬರೇ ಸೂಟು ಹಾಕಿಕೊಂಡು ಒಳಗೆ ಹೋಗಿ ಆ ಚೂರನ್ನು ನೋಡಿ ಬರುತ್ತಿದ್ದರು. ಬೇರೆಯವರು ಸಮಾಧಿಗೆ ಹೋಗಿ ಬಂದ ಹಾಗೆ ಇರುತ್ತಿತ್ತು ಅವತ್ತು ಅವರ ಮುಖ.

ಆದರೆ ಆ ಯಂತ್ರದ್ದೊಂದು ಕೆಟ್ಟ ಗುಣ. ದೂರದಿಂದ ಇಡೀ ಬೆರಳನ್ನು ನೋಡಿದರೆ ಏನಾಗುವುದಿಲ್ಲ. ಹತ್ತಿರ ಹೋಗಿ ಒಂದೇ ಕಡೆ ನಿಂತು ನೋಡಿದರೆ, ಅದರ ಕಿರಣ ತಾಗಿದಷ್ಟು ಜಾಗ ಕಪ್ಪಾಗುತ್ತದೆ. ನೋಡಿದ ಚೌಕ ಕಪ್ಪಗೆ ಹಾಗೇ ಉಳಿಯುತ್ತದೆ, ಒಳಗಿನ ಗೆರೆ ಮಸುಕಾಗುತ್ತದೆ. ಮತ್ತೆ ಅದೇ ಜಾಗ ನೋಡಿದರೆ ಇನ್ನೂ ಕಪ್ಪು. ಅಂದರೆ ಅತ್ತಿಗೆ ನೋಡಿದಷ್ಟೂ ಅಣ್ಣ ಕಡಿಮೆಯಾಗುತ್ತಿದ್ದ. ಇದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೇ, ಅಂಚಿನಿಂದ ಶುರುಮಾಡಿ, ಒಂದು ಸಲಕ್ಕೆ ಒಂದು ಚಿಕ್ಕ ಚೌಕ ಮಾತ್ರ ನೋಡುತ್ತಿದ್ದರು. ನೆಟ್ಟಗೆ, ಸಾಲಾಗಿ, ಟಾಕು ಹಾಕಿದ ಹಾಗೆ. ಹೆಬ್ಬೆರಳಿನ ನಡುವೆ ಅಣ್ಣನಿಗೊಂದು ಹಳೆಯ ಗಾಯದ ಗುರುತಿತ್ತು. ಚಿಕ್ಕಂದಿನಲ್ಲಿ ತಗಡಿನ ಡಬ್ಬಿಯ ಮುಚ್ಚಳ ಕುಯ್ದದ್ದು. ಅದನ್ನು ಅತ್ತಿಗೆ ಹತ್ತಿರದಿಂದ ನೋಡಿಯೇ ಇರಲಿಲ್ಲ. ಕೊನೆಗಿರಲಿ ಎಂದು ಇಟ್ಟುಕೊಂಡಿದ್ದರು.

"ಹೋದ ತಿಂಗಳಿಂದ ಬೇರೆ ಚೌಕಗಳು ಬರ್ತಿವೆ" ಎಂದರು ಅತ್ತಿಗೆ ಆ ಮಧ್ಯಾಹ್ನ. "ನಾನು ಹಾಕಿದ್ದಲ್ಲ. ಎಲ್ಲಾ ಎಡಕ್ಕೆ ವಾಲಿವೆ."

ನನಗೆ ಅರ್ಥವಾಗಲಿಲ್ಲ.

"ನಿಮ್ಮಣ್ಣಂಗೆ ಕತ್ತು ನೇರ ನಿಲ್ತಿರ್ಲಿಲ್ಲ ಅಲ್ವಾ? ಅದಕ್ಕೆ ಅವರು ನೋಡೋ ಚಿತ್ರಾನೇ ಎಡಕ್ಕೆ ಸ್ವಲ್ಪ ತಿರುಗಿಸಿಕೊಳ್ತಿದ್ರು, ಯಂತ್ರದಲ್ಲಿ ಅದಕ್ಕೊಂದು ತಿರುಗಣೆ ಇದೆ. ಹಾಗೆ ಮಾಡಿದ್ರೆ ಚೌಕ ವಾಲುತ್ತೆ. ಪ್ರಪಂಚದಲ್ಲಿ ಇನ್ಯಾರು ಹಾಗೆ ಮಾಡ್ತಾರೆ ಹೇಳು? ಕುರ್ಚಿ ನೋಡಿದ್ರೆ ಕೆಳಗೆ ಇಳಿದಿರುತ್ತೆ, ಅವರು ಇಳಿಸಿಕೊಳ್ತಿದ್ದ ಹಾಗೇ. ಇವತ್ತು ಆ ಗಾಯದ ಮೇಲೇ ಒಂದು ಕಪ್ಪು ಚೌಕ ಬಂದಿದೆ ಕಣೆ. ವಾಲಿಕೊಂಡು. ನಾನು ಇಟ್ಟುಕೊಂಡಿದ್ದು ಅದೊಂದೇ."

"ಯಾರೋ ಹುಡುಗ್ರು ಆಟ ಆಡಿರ್ತಾರೆ."

"ಆ ಚೂರನ್ನ ಯಾರೂ ಮುಟ್ಟಲ್ಲ. ನಾನು ಅಳಿಸಬೇಡಿ ಅಂದೆ, ಅವರು ತೊಳೀಬೇಕು ಅಂತಿದಾರೆ. ವರ್ಷದ ಕೊನೆಗೆ ತೊಳೆಯೋದು ಅವರ ಪದ್ಧತಿ ಅಲ್ವಾ. ನಾನು ಬಿಡ್ಲಿಲ್ಲ ಅಂತ ಕೋಪ ಅವರಿಗೆ."

ನಾನು ಬೈದೆ. ಓದಿದವರ ಬಾಯಲ್ಲಿ ಇದೇನು ಮಾತು ಎಂದೆ. ಬಾಯಿ ಬೈಯುತ್ತಿತ್ತು, ಬೆನ್ನಿನ ಮೇಲೆ ಮಾತ್ರ ಮುಳ್ಳೆದ್ದಿತ್ತು. ಯಾಕೆಂದರೆ ನಾನೂ ಒಂದು ವಿಷಯ ಮುಚ್ಚಿಟ್ಟುಕೊಂಡಿದ್ದೆ. ಹಿಂದಿನ ವಾರ ಗಿರಾಕಿಯೊಬ್ಬರ ಅಂಗಿ ಹೊಲಿದು ಮುಗಿಸಿ, ಇಸ್ತ್ರಿ ಹಾಕಲು ಹರಡಿದಾಗ ನೋಡುತ್ತೇನೆ, ಕಾಲರು ಎಡಗಡೆ ಅರ್ಧ ಬೆರಳು ತಗ್ಗಿದೆ. ನನ್ನ ಕೈಯೇ ಕತ್ತರಿಸಿತ್ತು, ನನಗೆ ಗೊತ್ತೇ ಆಗಿರಲಿಲ್ಲ. ಆ ಅಂಗಿಯನ್ನು ಬಿಚ್ಚಿ ಮತ್ತೆ ಹೊಲಿಯುವಾಗ ಅಂಗಡಿಯಲ್ಲಿ ಒಬ್ಬಳೇ ಕೂರಲು ಭಯವಾಗಿ ರೇಡಿಯೋ ಹಾಕಿಕೊಂಡಿದ್ದೆ.

ಅತ್ತಿಗೆ ಮನೆಗೆ ಬಂದು ಮಲಗಿದವರು ಎರಡು ದಿನ ಏಳಲಿಲ್ಲ. ಊಟದ ತಟ್ಟೆ ಇಟ್ಟದ್ದು ಇಟ್ಟ ಹಾಗೇ ಇರುತ್ತಿತ್ತು. ನೀರೆತ್ತುವ ಮೋಟಾರು ಶುರುವಾದರೆ ಸಾಕು, ಲ್ಯಾಬಿನ ಆ ಯಂತ್ರದ ಪಂಪಿನ ಸದ್ದು ಎಂದು ಎದ್ದು ಕೂರುತ್ತಿದ್ದರು. ಕೋಲು ನುಂಗಿದ ಹಾಗೆ ನೆಟ್ಟಗೆ ನಡೆಯುತ್ತಿದ್ದ ಹೆಂಗಸು ಗೋಡೆ ಹಿಡಿದು ನಡೆಯುವುದನ್ನು ನೋಡಿ ನನಗೆ ತಡೆಯಲಾಗಲಿಲ್ಲ.

"ಏಳಿ" ಎಂದೆ. "ಹೋಗಿ ಆ ಚೂರನ್ನ ತಂದುಬಿಡೋಣ. ಮನೇಲಿ ಬೀರು ಒಳಗಿಟ್ಟು ಬೀಗ ಹಾಕಿ. ಆಗ ಯಾರು ಬಂದು ನೋಡ್ತಾರೋ ನಾನೂ ನೋಡ್ತೀನಿ."

"ಮನೇಲಿಟ್ರೆ ಅದು ಬರೀ ಕೊಳೆ ಕೂತಿರೋ ಚೂರು. ಕಣ್ಣಿಗೆ ಏನೂ ಕಾಣಲ್ಲ."

"ಕಾಣದಿದ್ರೆ ಬೇಡ. ಇರುತ್ತಲ್ಲ!"

ಅವರು ಎದ್ದು ತಲೆ ಬಾಚಿಕೊಂಡರು.

ಪರೀಕ್ಷೆಗಳು ಮುಗಿದು ಕಾಲೇಜು ಬಿಕೋ ಎನ್ನುತ್ತಿತ್ತು. ಉರಿಬಿಸಿಲಿನ ಮಧ್ಯಾಹ್ನ. ಕಾರಿಡಾರಿನ ನೆಲವನ್ನು ಆಗಷ್ಟೇ ಒರೆಸಿದ್ದರು, ನಮ್ಮ ಹೆಜ್ಜೆ ಅದರ ಮೇಲೆ ಮೂಡಿ ಒಣಗುತ್ತಿತ್ತು. ಕ್ಲೀನ್ ರೂಮಿಗೆ ಹೊರಗಿನಿಂದ ನೋಡಲು ಒಂದು ದೊಡ್ಡ ಗಾಜಿನ ಕಿಟಕಿ ಇದೆ. ಅದರ ಹತ್ತಿರ ಬಂದದ್ದೇ ಅತ್ತಿಗೆ ನನ್ನ ಮುಂಗೈ ಹಿಡಿದರು. ಅವರ ಉಗುರು ನನ್ನ ಚರ್ಮಕ್ಕೆ ನಾಟಿತು.

ಒಳಗೆ ಹಳದಿ ದೀಪದ ಕೆಳಗೆ, ಯಂತ್ರದ ಮುಂದೆ, ಒಂದು ಬಿಳಿ ಸೂಟು ನಿಂತಿತ್ತು. ಬೆನ್ನು ನಮ್ಮ ಕಡೆಗೆ. ಅದು ಗಾಜಿನ ಪೆಟ್ಟಿಗೆಯ ಮುಚ್ಚಳಕ್ಕೆ ಬೆರಳಿನಿಂದ ಎರಡು ಸಲ ತಟ್ಟಿತು. ಅಣ್ಣ ಏನೇ ತೆರೆಯುವ ಮುಂಚೆ ಹಾಗೇ ತಟ್ಟುತ್ತಿದ್ದ, ಮನೆಯ ಸಕ್ಕರೆ ಡಬ್ಬಿಯನ್ನೂ ಸೇರಿಸಿ. ಆಮೇಲೆ ಚೂರನ್ನು ಯಂತ್ರದೊಳಗೆ ಇಟ್ಟು, ಕುರ್ಚಿಯನ್ನು ಕೆಳಕ್ಕೆ ಇಳಿಸಿ ಕೂತಿತು. ಪರದೆ ಬೆಳಗಿತು. ಅದು ತಲೆಯನ್ನು ನಿಧಾನವಾಗಿ ಎಡಕ್ಕೆ ವಾಲಿಸಿತು.

ಅಣ್ಣಾ ಎಂದು ಕೂಗಲು ಬಾಯಿ ತೆರೆದೆ. ಅದೇ ಕತ್ತು. ಆ ಕತ್ತಿನ ಅಳತೆ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಾನು ಬಂದದ್ದು ಅತ್ತಿಗೆಯ ಹುಚ್ಚು ಬಿಡಿಸಲು. ಈಗ ನಾನೇ ನಂಬಿಬಿಟ್ಟಿದ್ದೆ. ಭಯ ಒಂದು ಕಡೆ, ಇನ್ನೊಂದು ಕಡೆ ಎಂಥ ಆಸೆ ಅಂತೀರಿ! ದೆವ್ವವೇ ಆಗಲಿ, ಒಂದು ಸಲ ಈ ಕಡೆ ತಿರುಗಿಬಿಡಪ್ಪಾ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಅತ್ತಿಗೆ ಅಂಗೈಯಿಂದ ಗಾಜನ್ನು ಬಡಿದರು.

ಬಿಳಿ ಸೂಟು ಗಕ್ಕನೆ ತಿರುಗಿತು. ಎರಡು ದೊಡ್ಡ ಕಣ್ಣು, ಕಾಡಿಗೆ ಹಚ್ಚಿದ್ದು. ಅಣ್ಣನ ಕಣ್ಣಲ್ಲ. ಆ ಕ್ಷಣ ನನಗೆ ಜೀವ ಬಂದಿತೋ ಹೋಯಿತೋ ಹೇಳಲಾರೆ.

ಬಟ್ಟೆ ಬದಲಿಸುವ ಕೋಣೆಗೆ ಓಡಿಬಂದು ಅವಳು ಮುಸುಕು ತೆಗೆದಳು. ಜೀವಶಾಸ್ತ್ರದ ಹುಡುಗಿ. ಅಣ್ಣ ಪಾಠ ಮಾಡಿದ ಕೊನೆಯ ತಂಡದವಳು, ಮೊದಲ ವರ್ಷ ಅವನ ಹತ್ತಿರ ಕಲಿತು ಈಗ ಪದವಿ ಮುಗಿಸಿ ಹೊರಟಿದ್ದಳು. ಮುಖ ಬಿಳಿಚಿಕೊಂಡಿತ್ತು.

"ಅದನ್ನ ಮುಟ್ಟೋಕೆ ನಿನಗ್ಯಾರು ಹೇಳಿದ್ದು?" ಎಂದು ಕೇಳಿದರು ಅತ್ತಿಗೆ.

"ಯಾರೂ ಇಲ್ಲ ಮೇಡಂ. ನಮ್ಮ ಬ್ಯಾಚಿನವರೇ ಮಾತಾಡ್ಕೊಂಡ್ವಿ. ಕಾಲೇಜು ಬಿಡೋ ಮುಂಚೆ ಒಬ್ಬೊಬ್ಬರೂ ಒಂದೊಂದ್ಸಲ ಸರ್‌ನ ನೋಡ್ಕೊಂಡು ಹೋಗೋಣ ಅಂತ. ಒಂದೇ ಸಲ ಮೇಡಂ. ಜಾಸ್ತಿ ನೋಡಿದ್ರೆ ಹಾಳಾಗುತ್ತೆ ಅಂತ ಗೊತ್ತು."

"ನನ್ನನ್ನ ಒಂದು ಮಾತು ಕೇಳಬಾರದಿತ್ತಾ?"

"ಕೇಳಿದ್ರೆ ನೀವು ಅಳ್ತೀರಿ ಅಂತ ಭಯ ಆಯ್ತು" ಎಂದು ಅವಳೇ ಅಳತೊಡಗಿದಳು.

ಅತ್ತಿಗೆ ಅವಳನ್ನು ಅಳಲು ಬಿಟ್ಟರು. ಆಮೇಲೆ ಕೇಳಿದರು, "ಆ ಗಾಯದ ಗುರುತು?"

"ನನ್ನ ಜೋಡಿ ಮೇಡಂ. ಇಂಜಿನಿಯರಿಂಗ್ ಹುಡುಗ. ನಾಳೆ ಊರು ಬಿಡ್ತಾನೆ. ಎಲ್ಲಕ್ಕಿಂತ ಚೆನ್ನಾಗಿರೋ ಜಾಗ ಅದೇ ಅಂದ."

"ಚೌಕ ಯಾಕೆ ವಾಲಿಸ್ತೀರಿ ನೀವೆಲ್ಲಾ?"

ಹುಡುಗಿ ಕಣ್ಣೊರೆಸಿಕೊಂಡು ಬೆಪ್ಪಾಗಿ ನೋಡಿದಳು. "ಅದು ರೂಲ್ ಅಲ್ವಾ ಮೇಡಂ? ಮುಚ್ಚಳ ತಟ್ಟಬೇಕು, ಕುರ್ಚಿ ಇಳಿಸಬೇಕು, ಚಿತ್ರ ಎಡಕ್ಕೆ ತಿರುಗಿಸಬೇಕು. ಸರ್ ಯಾವಾಗ್ಲೂ ಹಾಗೇ ಮಾಡ್ತಿದ್ರು. ಜೂನಿಯರ್ಸ್‌ಗೂ ಹಾಗೇ ಹೇಳ್ಕೊಟ್ಟಿದೀವಿ. ಯಾಕೆ ಅಂತ ಮಾತ್ರ ಜಗಳ ಮೇಡಂ. ಫಿಸಿಕ್ಸಿನವರು ಭೂಮಿಯ ಅಯಸ್ಕಾಂತ ಶಕ್ತಿಯಿಂದ ಕಿರಣ ವಾಲುತ್ತೆ, ಅದನ್ನ ಸರಿ ಮಾಡೋಕೆ ಅಂತಾರೆ. ನನ್ನ ಜೋಡಿ ಯಂತ್ರದ ಅಲುಗಾಟ ತಡೆಯೋಕೆ ಅಂತಾನೆ. ನಾನು ಕಣ್ಣಿಗೆ ಆಯಾಸ ಆಗದೇ ಇರ್ಲಿ ಅಂತ ಇರಬೇಕು ಅಂತ ವಾದ ಮಾಡ್ತೀನಿ."

ಅತ್ತಿಗೆಗೆ ನಗು ಬಂತು. ಎರಡು ವರ್ಷದಲ್ಲಿ ನಾನು ಕೇಳಿರದ ನಗು. ಬೆಂಚಿನ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕರು, ಅದು ಎಲ್ಲಿ ಅಳುವಾಯಿತೋ ಗೊತ್ತಾಗಲಿಲ್ಲ. "ಅವರಿಗೆ ಕತ್ತು ನೋವಿತ್ತು ಕಣಮ್ಮಾ" ಎಂದರು. "ಅಷ್ಟೇ. ಬೇರೇನೂ ಇಲ್ಲ."

ಹುಡುಗಿ ಮೆಲ್ಲಗೆ ಕೇಳಿದಳು, "ಹಾಗಾದ್ರೆ ಇನ್ಮೇಲೆ ನೇರ ಮಾಡಿಬಿಡ್ಲಾ ಮೇಡಂ?"

ಅತ್ತಿಗೆ "ಇನ್ನೂ ಯಾರು ನೋಡಿಲ್ಲ?" ಎಂದರು.

"ನಾನು. ಇನ್ನಿಬ್ಬರು ಕ್ಯಾಂಟೀನಲ್ಲಿ ಕಾಯ್ತಿದಾರೆ."

"ಕರಿ ಅವರನ್ನ."

"ಮೇಡಂ, ಜಾಗಾನೇ ಇಲ್ಲ. ನಾವು ಮೂರು ಜನ ನೋಡಿದ್ರೆ ಏನೂ ಉಳಿಯಲ್ಲ."

"ಗೊತ್ತು. ಕರಿ."

ನನಗೆ ತಡೆಯಲಾಗಲಿಲ್ಲ. "ಅತ್ತಿಗೆ, ತಲೆ ಕೆಟ್ಟಿದೆಯಾ ನಿಮಗೆ? ಮನೆಗೆ ತಗೊಂಡು ಹೋಗೋಕೆ ತಾನೇ ಬಂದಿದ್ದು? ನನಗೂ ಅವನು ಅಣ್ಣ! ಯಾರ್ಯಾರೋ ನೋಡಿ ಮುಗಿಸೋಕೆ ಅವನೇನು ಸಂತೆ ಸಾಮಾನಾ?" ಎಂದು ಕಿರುಚಿದೆ. ಕಣ್ಣಲ್ಲಿ ನೀರು ಕಿತ್ತುಕೊಂಡು ಬಂತು.

ಅವರು ಎದ್ದು ಬಂದು ನನ್ನ ಕೆನ್ನೆ ಒರೆಸಿದರು. "ಬೀರುಗೆ ಬೀಗ ಹಾಕಿದ್ರೆ ಅವರು ಅಲ್ಲಿರ್ತಾರೇನೇ? ನೀನೂ ಬಾ ಒಳಗೆ."

ನಾನು ಹೋಗಲಿಲ್ಲ. ನನಗೆ ಆಗುತ್ತಿರಲಿಲ್ಲ. ಅವರು ಸೂಟು ತೊಟ್ಟು, ಮುಸುಕು ಹಾಕಿ, ಹುಡುಗಿಯ ಹಿಂದೆ ಒಳಗೆ ಹೋದರು. ಕ್ಯಾಂಟೀನಿನಿಂದ ಇಬ್ಬರು ಓಡಿಬಂದು, ನನ್ನ ಮುಖ ನೋಡಲೂ ಹೆದರಿ, ಸೂಟು ತೊಟ್ಟು ಅವರೂ ಹೋದರು.

ನಾನು ಗಾಜಿಗೆ ಹಣೆಯಿಟ್ಟು ನಿಂತೆ. ಒಳಗಿನ ಮಾತು ಕೇಳಿಸುತ್ತಿರಲಿಲ್ಲ, ಫ್ಯಾನುಗಳ ಗುಂಯ್ ಸದ್ದು ಮಾತ್ರ. ಒಬ್ಬರು ಕೂತು ಏಳುವರು, ಇನ್ನೊಬ್ಬರು ಕೂರುವರು. ಪ್ರತಿ ಸಲ ಪರದೆಯ ಮೇಲೆ ಒಂದಿಷ್ಟು ಬೂದುಬಣ್ಣ ಹೋಗಿ ಕಪ್ಪು ಬರುತ್ತಿತ್ತು. ನನ್ನ ಅಣ್ಣ ನನ್ನ ಕಣ್ಣೆದುರಿಗೇ ಮುಗಿಯುತ್ತಿದ್ದ, ನಾನು ಗಾಜನ್ನು ಒಡೆಯಲಿಲ್ಲ. ಕೊನೆಗೆ ನಾಲ್ಕೂ ಬಿಳಿ ಸೂಟುಗಳು ಪರದೆಯ ಮುಂದೆ ಒತ್ತೊತ್ತಾಗಿ ನಿಂತವು. ನಾಲ್ಕರ ತಲೆಯೂ ಎಡಕ್ಕೆ ವಾಲಿತ್ತು. ನೆಟ್ಟಗೆ ನಿಂತಿರುವವರು ಅತ್ತಿಗೆ ಎಂದು ಹುಡುಕಿದೆ. ಹುಡುಕಿಯೇ ಹುಡುಕಿದೆ, ಅವರು ಯಾರೆಂದು ನನಗೆ ಗೊತ್ತಾಗಲೇ ಇಲ್ಲ.